ಬೀಗರು ಯಾರ ಕಡೆಯವರು

ಹೆಣ್ಣು ಕೇಳಲು ಬರುವವರಿಗೆ ಭಾನುವಾರವನ್ನು ಗೊತ್ತು ಮಾಡಿದವಳು ಲುದಿಂಗ್. ಭಾನುವಾರವಾದರೆ ಚರ್ಚಿನ ಪೂಜೆ ಬೆಳಿಗ್ಗೆಯೇ ಮುಗಿದಿರುತ್ತದೆ, ಗಂಡನಿಗೆ ಐಸ್ ಕಾರ್ಖಾನೆಯ ಕೆಲಸ ಇರುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಕಡಲಿನ ಉಬ್ಬರ ಇಳಿಯತೊಡಗಿ ಓಣಿಗೆ ನುಗ್ಗಿದ ನೀರು ಕಣಕಾಲಿಗೆ ಬಂದಿರುತ್ತದೆ. ಚಂದ್ರನೂ ಬೆಳೆಯುತ್ತಿದ್ದ, ಬೆಳೆಯುವ ಚಂದ್ರನಲ್ಲಿ ಆಡಿದ ಮಾತು ತಾನೂ ಬೆಳೆಯುತ್ತದೆ ಎಂದು ಅವಳ ತಾಯಿ ಹೇಳುತ್ತಿದ್ದಳು. ಇಷ್ಟನ್ನೆಲ್ಲ ನೋಡಿ ದಿನ ಇಟ್ಟವಳು ಒಂದನ್ನು ಮಾತ್ರ ನೋಡಿರಲಿಲ್ಲ.

ಅದನ್ನು ತೋರಿಸಿಕೊಟ್ಟವಳು ಪಕ್ಕದ ಮನೆಯ ಬೆಬಾಂಗ್. ಶನಿವಾರ ಸಂಜೆ ಇಬ್ಬರೂ ಒಂದೇ ಹಗ್ಗದ ಎರಡು ಕೊನೆಯಲ್ಲಿ ಬಟ್ಟೆ ತೆಗೆಯುತ್ತಿದ್ದರು.

"ಅಲ್ಲ ಲುದಿಂಗ್, ನಾಳೆ ಬೀಗ್ರು ಬರ್ತಾರಂತೆ?"

"ಹೂಂ. ಮಾಂಸ ಈಗ್ಲೇ ನೆನೆ ಹಾಕಿದೀನಿ."

"ಡ್ರಾಫ್ಟ್ ದಿನ ನಿನ್ ಗಂಡನ ಹತ್ರ ಹೆಣ್ಣು ಕೇಳೋದಾ? ಅದ್ಕಿಂತ ಹಸಿದ ಮೊಸಳೆ ಹತ್ರ ಮರಿ ಕೇಳ್ಬಹುದು."

ಲುದಿಂಗಳ ಕೈಯಲ್ಲಿದ್ದ ಕ್ಲಿಪ್ಪು ನೀರಿಗೆ ಬಿತ್ತು.

ಡ್ರಾಫ್ಟ್ ಎಂದರೆ ಬಾಸ್ಕೆಟ್‌ಬಾಲ್ ಲೀಗಿನ ತಂಡಗಳು ವರ್ಷಕ್ಕೊಮ್ಮೆ ಒಂದೆಡೆ ಕೂತು, ಹೊಸ ಹುಡುಗರನ್ನು ಸರದಿಯ ಮೇಲೆ ಆರಿಸಿಕೊಳ್ಳುವ ದಿನ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗೆ ಬಿದ್ದವರಿಗೆ ಮೊದಲ ಸರದಿ. ಸೋತವನ ಎಲೆಗೆ ಮೊದಲು ಬಡಿಸಬೇಕೆಂಬ ನ್ಯಾಯ. ಹೋದ ವರ್ಷ ಕೊನೆಗೆ ಬಿದ್ದದ್ದು ಪರೋಲಾ ತಂಡ, ಅಂದರೆ ಮಲಬೊನ್ ಊರಿನ ಈ ಇಡೀ ಓಣಿಯ ತಂಡ. ಡಬ್ಬಿಯಲ್ಲಿ ಮೀನು ತುಂಬಿ ಮಾರುವ ಪರೋಲಾ ಕಾರ್ಖಾನೆಯಲ್ಲಿ ಒಂದಲ್ಲ ಒಂದು ಕಾಲದಲ್ಲಿ ಕೈ ಕೊಯ್ದುಕೊಳ್ಳದ ಮನೆಯೇ ಇಲ್ಲಿ ಇರಲಿಲ್ಲ. ಆದರೆ ಹತ್ತು ವರ್ಷದ ಹಿಂದೆ, ಬ್ಯಾಟರಿ ಮಾಡುವ ಕಿದ್ಲಾತ್ ಕಂಪನಿಯ ಯಜಮಾನ ಪರೋಲಾವನ್ನೂ ಕೊಂಡುಕೊಂಡ. ಕಿದ್ಲಾತಿಗೂ ಒಂದು ತಂಡವಿತ್ತು. ಒಬ್ಬನೇ ಯಜಮಾನನಿಗೆ ಎರಡು ತಂಡ. ಅಂದಿನಿಂದ ಪರೋಲಾದಲ್ಲಿ ಒಬ್ಬ ಹುಡುಗ ಚೆನ್ನಾಗಿ ಆಡತೊಡಗಿದನೋ, ಮುಂದಿನ ವರ್ಷ ಅವನು ಕಿದ್ಲಾತಿನ ಹಳದಿ ಅಂಗಿಯಲ್ಲಿ ಕಾಣಿಸಿಕೊಳ್ಳುತ್ತಿದ್ದ.

"ಅಡುಗೆ ನಮ್ಮ ಮನೇಲಿ, ಊಟ ಅವ್ರ ಮನೇಲಿ," ಎನ್ನುತ್ತಿದ್ದ ಲುದಿಂಗಳ ಗಂಡ ಸೆನಿಯೊಂಗ್.

ಇದನ್ನು ಎಲ್ಲರೂ ಒಪ್ಪುತ್ತಿದ್ದರು. ಆದರೆ ಅವನು ಅಲ್ಲಿಗೆ ನಿಲ್ಲಿಸುತ್ತಿರಲಿಲ್ಲ. ಡ್ರಾಫ್ಟ್ ಎನ್ನುವುದೇ ನಾಟಕ, ಯಾರು ಯಾರ ಪಾಲು ಎಂಬುದು ಮೊದಲೇ ಯಜಮಾನನ ಊಟದ ಮೇಜಿನ ಮೇಲೆ ತೀರ್ಮಾನವಾಗಿರುತ್ತದೆ ಎಂದು ಹಟ ಹಿಡಿಯುತ್ತಿದ್ದ. ಟಿವಿಯಲ್ಲಿ ಯಾರು ಯಾರನ್ನು ನೋಡಿ ತಲೆಯಾಡಿಸಿದರು, ಯಾರು ಬೆವರು ಒರೆಸಿಕೊಂಡರು ಎಂದು ಎಣಿಸುತ್ತಿದ್ದ. ಓಣಿಯವರು ಅವನ ಬೆನ್ನ ಹಿಂದೆ ತಲೆಯ ಪಕ್ಕ ಬೆರಳು ತಿರುಗಿಸುತ್ತಿದ್ದರು. ಒಮ್ಮೆ ಲುದಿಂಗ್ ಕೂಡ, "ಸಾಕು ಮಾರಾಯ, ಅದೊಂದು ಆಟ," ಎಂದಿದ್ದಳು. ಅವನು ಊಟ ಬಿಡಲಿಲ್ಲ, ಮಾತು ಬಿಟ್ಟ. ಮನೆಯ ಗೋಡೆ ಗಡಿಯಾರಕ್ಕೂ ಟಾರ್ಚಿಗೂ ಕಿದ್ಲಾತ್ ಬ್ಯಾಟರಿ ಹಾಕುವಂತಿರಲಿಲ್ಲ. ಬೇರೆ ಬ್ಯಾಟರಿ ಬೇಗ ಸಾಯುತ್ತಿತ್ತು, ಆದ್ದರಿಂದ ಆ ಮನೆಯ ಗಡಿಯಾರ ಯಾವಾಗಲೂ ಹಿಂದೆ.

ನಗುವಂಥ ವಿಷಯ ಇದಾಗಿದ್ದರೆ ಲುದಿಂಗ್ ನಕ್ಕು ಬಿಡುತ್ತಿದ್ದಳು. ಆದರೆ ಸೆನಿಯೊಂಗನ ಸ್ವಂತ ತಮ್ಮ ಇಸ್ಕೊ, ಕಿದ್ಲಾತ್ ಗೆಲ್ಲತೊಡಗಿದ ವರ್ಷ ಅವರ ಅಭಿಮಾನಿಯಾಗಿ ಹಳದಿ ಅಂಗಿ ತೊಟ್ಟು ಬಂದಿದ್ದ. ಅವತ್ತು ಮುರಿದ ಮಾತು ಇವತ್ತಿಗೂ ಕೂಡಿಲ್ಲ. ಇಸ್ಕೊನ ಮಗಳ ಮದುವೆಗೆ ಲುದಿಂಗ್ ಒಬ್ಬಳೇ ಬಸ್ಸು ಹತ್ತಿ ಹೋಗಿ, ಒಬ್ಬಳೇ ಬಂದಿದ್ದಳು.

ಈಗ ತಮ್ಮ ಮಗಳು ರಿಸಲಿನ್ ಮದುವೆ. ಹುಡುಗ ಆರಿಯೆಲ್, ಮೆಲುದನಿಯವನು. ಮನೆಗೆ ಬಂದಾಗಲೆಲ್ಲ ಕೇಳದೆಯೇ ಏನಾದರೂ ರಿಪೇರಿ ಮಾಡಿ ಹೋಗುವವನು. ಲುದಿಂಗಳಿಗೆ ಅವನು ಮೊದಲ ದಿನವೇ ಹಿಡಿಸಿದ್ದ. ಹಿರಿಮಗನ ಮದುವೆ ಬರುವ ಜನವರಿಗೆ ನಿಗದಿಯಾಗಿತ್ತು. ಒಂದೇ ವರ್ಷದಲ್ಲಿ ಒಡಹುಟ್ಟಿದ ಇಬ್ಬರ ಮದುವೆ ಆಗಕೂಡದು, ಒಬ್ಬರ ಭಾಗ್ಯವನ್ನು ಇನ್ನೊಬ್ಬರು ತಿನ್ನುತ್ತಾರೆ. ಹಾಗಾಗಿ ರಿಸಲಿನ್ ಮದುವೆ ಈ ವರ್ಷವೇ ಆಗಬೇಕು, ಇಲ್ಲವೇ ಇನ್ನೊಂದು ವರ್ಷ ಪೂರ್ತಿ ಕಾಯಬೇಕು. ಮುನಿಸಿಗೆ ಒಂದು ವರ್ಷ ಕೊಟ್ಟರೆ ಅದು ಏನೆಲ್ಲ ಮಾಡಬಲ್ಲದು ಎಂದು ಅವಳಿಗೆ ಗೊತ್ತಿತ್ತು.

ದಿನ ಬದಲಿಸೋಣವೆಂದರೆ ಆಗಲೇ ಹಂದಿಯ ಮಾಂಸ ವಿನೆಗರಿನಲ್ಲಿ ನೆನೆಯುತ್ತಿತ್ತು. ರಿಸಲಿನ್ ಮಾತ್ರ ನಿಶ್ಚಿಂತಳಾಗಿದ್ದಳು.

"ಬಿಡಮ್ಮ, ಒಳ್ಳೇದೇ ಆಯ್ತು. ಆರಿಯೆಲ್ ಅಪ್ಪಾನೂ ಪರೋಲಾ ಕಡೆನೇ. ಇಬ್ರೂ ಕೂತು ಒಟ್ಟಿಗೆ ಬೈಕೊಳ್ಲಿ."

"ಹೌದಾ? ಇದನ್ನ ಯಾವತ್ತೂ ಹೇಳಿರ್ಲಿಲ್ವಲ್ಲ."

"ನೀನು ಕೇಳಿರ್ಲಿಲ್ವಲ್ಲ," ಎಂದು ಮಗಳು ಅಕ್ಕಿ ತೊಳೆಯಲು ಎದ್ದಳು. ಅದಾಗಲೇ ತೊಳೆದಿದ್ದ ಅಕ್ಕಿ.

ಮರುದಿನ ಬೀಗರು ಸೈಕಲ್ ಗಾಡಿಯಲ್ಲಿ, ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಬಂದರು. ಆರಿಯೆಲ್ ಬಾಳೆ ಎಲೆ ಮುಚ್ಚಿದ ದೊಡ್ಡ ಮೊರವನ್ನು ಎದೆಗವಚಿಕೊಂಡಿದ್ದ. ಅದರಲ್ಲಿ ಅವನ ತಾಯಿ ಪಸಿಂಗ್ ನಸುಕಿನಲ್ಲೆದ್ದು ಬೇಯಿಸಿದ ಅಕ್ಕಿಯ ಕಡುಬು. ಅವನ ತಂದೆ ದುಲೊ ಎಲ್ಲರಿಗಿಂತ ಹಿಂದೆ ಇಳಿದ. ಗುಂಡಗಿನ ಮನುಷ್ಯ, ಮೈಮೇಲೆ ಪರೋಲಾದ ನೀಲಿ ಅಂಗಿ.

ಬಾಗಿಲಲ್ಲಿ ನಿಂತಿದ್ದ ಸೆನಿಯೊಂಗನ ಮುಖ ದೀಪ ಹಚ್ಚಿದ ಹಾಗಾಯಿತು. "ಬನ್ನಿ ಬೀಗ್ರೇ, ಬನ್ನಿ. ಈ ಅಂಗಿ ನೋಡಿದ್ಮೇಲೆ ಇನ್ನೇನು ಕೇಳೋದಿದೆ."

ಲುದಿಂಗ್ ನಗುತ್ತಲೇ ಆ ಅಂಗಿಯನ್ನು ನೋಡಿದಳು. ಎದೆಯ ಮೇಲೆ ಅಡ್ಡ ಎರಡು, ಉದ್ದ ಒಂದು ಮಡಿಕೆ. ಇಸ್ತ್ರಿಯ ಮಡಿಕೆ ಬೇರೆ, ಅಂಗಡಿಯ ರಟ್ಟಿನ ಮಡಿಕೆ ಬೇರೆ. ಜೀವನವಿಡೀ ಗಂಡಸರ ಅಂಗಿ ಒಗೆದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಳೆಯದು ಹರಿದಿರಬಹುದು, ಶುಭಕಾರ್ಯಕ್ಕೆಂದು ಹೊಸದು ತಂದಿರಬಹುದು ಎಂದುಕೊಂಡು ಒಳಗೆ ಹೋದಳು. ಆದರೆ ಕಿವಿಯನ್ನು ಹೊರಗೇ ಬಿಟ್ಟು ಹೋದಳು.

"ಎಷ್ಟು ಕಾಲದಿಂದ ಪರೋಲಾ, ಬೀಗ್ರೇ?" ಗಂಡನ ದನಿ.

"ಹುಟ್ಟಿದಾಗಿಂದ."

"ನೀವು ಹುಟ್ಟಿದಾಗ ತಂಡಾನೇ ಹುಟ್ಟಿರ್ಲಿಲ್ಲ."

"ಅದೇ, ತಂಡ ಹುಟ್ಟಿದಾಗಿಂದ ಅಂದೆ."

ಆರಿಯೆಲ್ ನಕ್ಕ. ನಗಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನಕ್ಕ.

"ಗೆದ್ದ ವರ್ಷ ಎಲ್ಲಿದ್ರಿ?" ಸೆನಿಯೊಂಗ್ ಬಿಡಲಿಲ್ಲ.

"ಗೆದ್ದ ವರ್ಷ… ಜ್ವರ ಬಂದು ಮಲಗಿದ್ದೆ."

"ಇಡೀ ವರ್ಷ?"

"ಟೈಫಾಯ್ಡು," ಎಂದಳು ಪಸಿಂಗ್. ಕಾಲಿನ ಕೆಸರು ಒರೆಸುವುದನ್ನು ಅವಳು ಇನ್ನೂ ಮುಗಿಸಿರಲಿಲ್ಲ.

ಟಿವಿಯಲ್ಲಿ ಡ್ರಾಫ್ಟ್ ಶುರುವಾಗುವ ಸದ್ದು ಕೇಳಿತು. ದೊಡ್ಡ ಶಾಪಿಂಗ್ ಮಾಲಿನ ನಡುವಿನ ಅಂಗಳದಲ್ಲಿ ವೇದಿಕೆ, ಒಂದೊಂದು ತಂಡಕ್ಕೆ ಒಂದೊಂದು ಮೇಜು, ಮೇಲಿನ ಮಹಡಿಗಳ ಕಟಾಂಜನಕ್ಕೆ ಆತುಕೊಂಡ ಜನ. ಸೆನಿಯೊಂಗ್ ಕಪಾಟಿನಿಂದ ಪರೋಲಾ ಮೀನಿನ ಡಬ್ಬಿಯೊಂದನ್ನು ತೆಗೆದು ಎರಡೂ ಕೈಯಿಂದ ದುಲೊನ ಮುಂದೆ ಹಿಡಿದ.

"ನೀವೇ ಇಡಿ ಬೀಗ್ರೇ. ಈ ವರ್ಷ ಹೊಸ ಕೈ ತಾಗ್ಲಿ."

ಕಡಲೆಕಾಯಿಯ ತಟ್ಟೆ ಹಿಡಿದು ಬರುತ್ತಿದ್ದ ಲುದಿಂಗ್ ಹೊಸ್ತಿಲಲ್ಲೇ ನಿಂತಳು. ಡ್ರಾಫ್ಟಿನ ದಿನ ಪರೋಲಾ ಕಡೆಯವರ ಮನೆಗಳಲ್ಲೆಲ್ಲ ಟಿವಿಯ ಮುಂದೆ ಒಂದು ಡಬ್ಬಿ ಇಡುತ್ತಾರೆ. ತಲೆಕೆಳಗಾಗಿ ಇಡುತ್ತಾರೆ, ತಳದಲ್ಲಿದ್ದವರು ಮೇಲೆ ಬರಲಿ ಎಂದು. ಓಣಿಯಲ್ಲಿ ಮಾತು ಬಾರದ ಕೂಸಿಗೂ ಅದು ಗೊತ್ತು. ದುಲೊ ಡಬ್ಬಿಯನ್ನು ತೆಗೆದುಕೊಂಡ, ಹಿಂದೆ ಮುಂದೆ ನೋಡಿದ, ಹೆಸರು ಎಲ್ಲರಿಗೂ ಚೆನ್ನಾಗಿ ಕಾಣುವ ಹಾಗೆ ನೆಟ್ಟಗೆ ಇಟ್ಟ. ದೇವರ ಮುಂದೆ ಹೂವಿಡುವಷ್ಟು ಭಕ್ತಿಯಿಂದಲೇ ಇಟ್ಟ.

ಸೆನಿಯೊಂಗ್ ಆಗ ಬಗ್ಗಿ ಟಿವಿಯ ಹಿಂದಿನ ವೈರು ಸರಿಮಾಡುತ್ತಿದ್ದ. ಲುದಿಂಗ್ ಎರಡು ಹೆಜ್ಜೆಯಲ್ಲಿ ಹೋಗಿ ತಟ್ಟೆಯನ್ನು ಇಟ್ಟಳು, ಇಡುವಾಗಲೇ ಡಬ್ಬಿಯನ್ನು ಮಗುಚಿದಳು. ಯಾಕೆ ಹಾಗೆ ಮಾಡಿದೆ ಎಂದು ಮನಸ್ಸು ಕೇಳುವ ಮೊದಲೇ ಕೈ ಕೆಲಸ ಮುಗಿಸಿತ್ತು. ಗಂಡ ತಲೆಯೆತ್ತಿ ನೋಡಿ, "ಸರಿ," ಎಂದು ಕೂತ. ಲುದಿಂಗ್ ತಿರುಗಿದರೆ ಪಸಿಂಗ್ ಅವಳನ್ನೇ ನೋಡುತ್ತಿದ್ದಳು. ಇಬ್ಬರೂ ಒಟ್ಟಿಗೆ ತಟ್ಟೆಗೆ ಕೈ ಹಾಕಿದರು. ಕಡಲೆಕಾಯಿ ಬಿಡಿಸತೊಡಗಿದರು.

ಲುದಿಂಗಳ ಮನಸ್ಸಿನೊಳಕ್ಕೆ ಮಾತ್ರ ಒಂದು ನೊಣ ಹೊಕ್ಕಿತ್ತು. ಅಂಗಿಯ ಮಡಿಕೆ. ಟೈಫಾಯ್ಡು. ಡಬ್ಬಿ. ತೊಳೆದ ಅಕ್ಕಿಯನ್ನು ಮತ್ತೆ ತೊಳೆದ ಮಗಳು. ಎಲ್ಲವನ್ನೂ ಅನುಮಾನದಿಂದ ನೋಡುವುದು ಗಂಡನ ಕಾಯಿಲೆ ಎಂದುಕೊಂಡಿದ್ದಳು. ಅದು ಅಂಟುರೋಗ ಎಂದು ಗೊತ್ತಿರಲಿಲ್ಲ.

ಟಿವಿಯವರು ಪರೋಲಾದ ಮೇಜನ್ನು ತೋರಿಸಿದರು.

"ವೇದಿಕೆ ನೋಡ್ಬೇಡಿ ಬೀಗ್ರೇ, ಮೇಜು ನೋಡಿ," ಎಂದ ಸೆನಿಯೊಂಗ್. "ಆ ನಮ್ ಮ್ಯಾನೇಜರ್ ಇದಾನಲ್ಲ, ಎತ್ಲಾಗೆ ನೋಡ್ತಾನೆ ನೋಡಿ. ಕಿದ್ಲಾತ್ ಮೇಜಿನ ಕಡೆ. ನೋಡಿದ್ರಾ, ನೀರು ಕುಡ್ದ. ಬಾಯಿ ಒಣಗೋದು ಯಾರಿಗೆ? ಸುಳ್ಳು ಹೇಳೋರಿಗೆ."

ಗ್ಲಾಸನ್ನು ತುಟಿಗೆ ತಂದಿದ್ದ ದುಲೊ ಅದನ್ನು ಮೆಲ್ಲನೆ ಕೆಳಗಿಟ್ಟ.

ಪರೋಲಾ ತನ್ನ ಮೊದಲ ಆಯ್ಕೆಯನ್ನು ಹೇಳಿತು: ನಿಕಾನೊರ್ ಬಾಗ್ತಾಸ್. ಸಮಾರ್ ದ್ವೀಪದ ಹುಡುಗ. ತೆಂಗಿನ ಮರದ ಹಾಗಿದ್ದ, ಓಡಿದರೆ ಮಾತ್ರ ಜಿಂಕೆ. ಇಡೀ ದೇಶಕ್ಕೆ ಈ ವರ್ಷ ಬೇಕಾಗಿದ್ದವನು. ಓಣಿಯ ತುಂಬ ಪಾತ್ರೆ ಬಡಿಯುವ ಸದ್ದು ಎದ್ದಿತು. ಬೆಬಾಂಗಳ ಗಂಡ ನೀರಿನಲ್ಲೇ ಕುಣಿಯುತ್ತ ಕಿಟಕಿಗೆ ಬಂದು ಕೂಗಿದ:

"ಏ ಸೆನಿಯೊಂಗ್, ಈಗೇನಂತೀಯ? ಕೊಟ್ರಲ್ಲಪ್ಪ ನಮಗೇ."

ಸೆನಿಯೊಂಗ್ ಕೈಕಟ್ಟಿ ಕೂತೇ ಇದ್ದ. "ತಡಿ. ಕೂಸು ಹುಟ್ಟಿದೆ, ಅಷ್ಟೇ. ಯಾರ ಮಡಿಲಿಗೆ ಹೋಗುತ್ತೆ ನೋಡು."

"ಹೋಗೋ, ನಿನ್ ತಲೇಲಿ ಹುಳ ಬಿದ್ದಿದೆ."

"ಬೀಗ್ರೇ, ನೀವು ನೋಡಿದ್ರಾ?" ಸೆನಿಯೊಂಗ್ ದುಲೊನ ಕಡೆ ಬಗ್ಗಿದ. "ಫೋಟೋಗೆ ನಿಲ್ಸಿದಾಗ ಆ ಹುಡುಗನಿಗೆ ಟೋಪಿ ಹಾಕ್ಲಿಲ್ಲ. ನೀಲಿ ಟೋಪಿ ಮ್ಯಾನೇಜರ್ ಕೈಯಲ್ಲೇ ಉಳೀತು. ಯಾಕೆ ಹೇಳಿ?"

"ತಲೆ ದೊಡ್ಡದಿರ್ಬೇಕು," ಎಂದ ದುಲೊ.

ಮಾತು ತಿರುಗಿಸಲು ಪಸಿಂಗ್ ಕೆಮ್ಮಿ, ತಾವು ಬಂದ ಕೆಲಸವನ್ನು ಎತ್ತಿಕೊಂಡಳು. ನಮ್ಮ ಹುಡುಗ, ನಿಮ್ಮ ಹುಡುಗಿ, ದೇವರ ದಯೆ ಎಂದು ಹೇಳಬೇಕಾದ ಮಾತುಗಳನ್ನೆಲ್ಲ ಕ್ರಮವಾಗಿ ಹೇಳಿದಳು. ಸೆನಿಯೊಂಗ್ ಹೂಂಗುಟ್ಟಿದ. ಅವನ ಒಂದು ಕಣ್ಣು ಟಿವಿಯ ಮೇಲೇ ಇತ್ತು. ಉಳಿದ ತಂಡಗಳು ಒಂದೊಂದಾಗಿ ತಮ್ಮವರನ್ನು ಆರಿಸಿಕೊಂಡವು. ಅಡುಗೆಮನೆಯಲ್ಲಿ ಮಾಂಸ ಹದಕ್ಕೆ ಬಂದ ಘಮ ಬಂತು. ಮದುವೆ ಡಿಸೆಂಬರಿನಲ್ಲಿ ಆಗಲಿ ಎಂಬಲ್ಲಿಗೆ ಮಾತು ಬಂದು ನಿಂತಾಗ ವೇದಿಕೆಯ ಮನುಷ್ಯ ಮತ್ತೆ ಮೈಕಿನ ಮುಂದೆ ಬಂದ. ಒಂದು ಅದಲು ಬದಲು ಆಗಿದೆಯೆಂದ. ನಿಕಾನೊರ್ ಬಾಗ್ತಾಸ್ ಕಿದ್ಲಾತಿಗೆ. ಬದಲಿಗೆ ಪರೋಲಾಕ್ಕೆ ಬೆಂಚು ಬಿಟ್ಟೇಳದ ಒಬ್ಬ ಆಟಗಾರ, ಮತ್ತೆ ಮುಂದೆಂದೋ ಬರುವ ಒಂದು ಸರದಿ.

ಓಣಿಯಲ್ಲಿ ಯಾರೋ ಬಡಿಯುತ್ತಿದ್ದ ಪಾತ್ರೆಯನ್ನು ನೀರಿಗೆ ಎಸೆದ ಸದ್ದು.

"ಛೇ, ಅನ್ಯಾಯ," ಎಂದ ದುಲೊ. "ಇದು ಬಹಳ ಅನ್ಯಾಯ."

ಹುಬ್ಬು ಗಂಟಿಕ್ಕಿತ್ತು, ದನಿ ಭಾರವಾಗಿತ್ತು. ಲುದಿಂಗ್ ಮಾತ್ರ ತಟ್ಟೆ ಎತ್ತಿಕೊಳ್ಳಲು ಬಗ್ಗಿದ್ದಳು. ಮೇಜಿನ ಕೆಳಗೆ ಬೀಗರ ಹತ್ತೂ ಕಾಲ್ಬೆರಳು ಹಬ್ಬ ಮಾಡುತ್ತಿದ್ದವು.

ಅವಳು ನೆಟ್ಟಗಾದಳು. ಸೆನಿಯೊಂಗ್ ಕೂಗಾಡುತ್ತಾನೆ ಎಂದು ಕಾದಳು. ಅವನು ಕೂಗಲಿಲ್ಲ. ತಿರುಗಿ ದುಲೊನ ಭುಜದ ಮೇಲೆ ಕೈ ಇಟ್ಟ. ಅವನ ಕಣ್ಣು ತುಂಬಿತ್ತು.

"ಹತ್ತು ವರ್ಷದಿಂದ ಹೇಳ್ತಿದೀನಿ ಬೀಗ್ರೇ. ಒಬ್ರೂ ನಂಬ್ಲಿಲ್ಲ. ನನ್ ಹೆಂಡ್ತಿನೂ ನಂಬ್ಲಿಲ್ಲ. ನೀವು ನಂಬ್ತೀರಲ್ಲ? ನಂಗೆ ಎಷ್ಟು ಉರೀತಿದೆಯೋ ನಿಮ್ಗೂ ಅಷ್ಟೇ ಉರೀತಿದೆ, ನಂಗೊತ್ತು."

ದುಲೊ ಕಡಲೆಕಾಯಿ ಸಿಪ್ಪೆಯನ್ನು ನೋಡುತ್ತ ಕೂತ. ಮೇಜಿನ ಕೆಳಗೆ ಬೆರಳುಗಳು ತಣ್ಣಗಾದವು.

ಲುದಿಂಗ್ ಅಡುಗೆಮನೆಗೆ ಹೋದಳು. ಹಿಂದೆಯೇ ಪಸಿಂಗ್ ಬಂದಳು, ಅವಳ ಹಿಂದೆ ರಿಸಲಿನ್.

"ನೀವು ನೋಡಿದ್ರಿ," ಎಂದಳು ಪಸಿಂಗ್.

"ನೋಡಿದೆ."

"ಮೂವತ್ತು ವರ್ಷ ಬ್ಯಾಟರಿ ಕಾರ್ಖಾನೇಲಿ ದುಡ್ದವ್ರು ನಮ್ಮನೆಯವ್ರು. ಹುಟ್ಟು ಕಿದ್ಲಾತ್. ಇವತ್ತಿನ ಮಟ್ಟಿಗೆ ಅಂತ ಮಗ ಕಾಲು ಹಿಡ್ಕೊಂಡ. ಅಂಗಿ ಹಾಕ್ಕೊಳೋವಾಗ ಕಣ್ಣಲ್ಲಿ ನೀರು ಹಾಕ್ಕೊಂಡ್ರು, ಆಣೆ."

ಲುದಿಂಗ್ ಮಗಳ ಕಡೆ ನೋಡಿದಳು. ರಿಸಲಿನ್ ತಲೆ ತಗ್ಗಿಸಿದಳು. ಈ ಮನೆಯಲ್ಲಿ ತನಗೆ ಹೇಳದೆ ನಡೆದ ಮೊದಲ ವಿಷಯ ಇದೇ ಇರಬೇಕು ಎಂದುಕೊಂಡಳು ತಾಯಿ. ಬೈಯಲು ಹೊತ್ತಿರಲಿಲ್ಲ.

"ಅನ್ನ ಬಡಿಸೋದ್ರೊಳಗೆ ಹೇಳ್ಬಿಡ್ಲಿ," ಎಂದಳು.

"ಲುದಿಂಗಕ್ಕ, ಹೇಳಿದ್ರೆ ಎದ್ದು ಹೋಗಿ ಅಂತಾರೆ."

"ಅನ್ಬಹುದು."

"ಅಮ್ಮ, ಬೇಡಮ್ಮ," ರಿಸಲಿನ್ ಅವಳ ತೋಳು ಹಿಡಿದಳು. "ಮದ್ವೆ ಆಗ್ಲಿ. ಆಮೇಲೆ ನಿಧಾನವಾಗಿ ಹೇಳೋಣ."

"ನಿಮ್ಮಪ್ಪನಿಗೆ ನಿಧಾನವಾಗಿ ಯಾವುದೂ ಗೊತ್ತಾಗಲ್ಲ ಕಂದ. ಟೋಪಿ ಹಾಕ್ಲಿಲ್ಲ ಅನ್ನೋದನ್ನ ಕಂಡು ಹಿಡ್ದ ಮನುಷ್ಯ ಇದನ್ನ ಕಂಡು ಹಿಡಿಯಲ್ವಾ? ಅವತ್ತು ಏನಾಗುತ್ತೆ? ನಿನ್ ಮನೆ ಬಾಗಿಲಿಗೆ ಬರಲ್ಲ. ನಿಂಗೆ ಮಕ್ಳಾದ್ರೆ ನಾನೊಬ್ಳೇ ಬಸ್ಸಲ್ಲಿ ಬಂದು ಎತ್ತಾಡಿಸಿ, ನಾನೊಬ್ಳೇ ವಾಪಸ್ ಹೋಗ್ಬೇಕು. ನಿನ್ ಚಿಕ್ಕಪ್ಪನ ಮನೇಗೆ ಹೋಗಿ ಬಂದಿದ್ದೇ ಸಾಕು ನಂಗೆ." ಅವಳು ಮಗಳ ಕೆನ್ನೆಯನ್ನು ಅಡುಗೆಯ ಒದ್ದೆ ಕೈಯಿಂದಲೇ ಒರೆಸಿದಳು. "ಈ ಮನೆ ಅನ್ನ ತಿಂದ್ಮೇಲೂ ಮುಚ್ಚಿಟ್ರೆ ಅದು ಬರೀ ಸುಳ್ಳಲ್ಲ, ದ್ರೋಹ ಆಗುತ್ತೆ. ಇನ್ನೂ ತಿಂದಿಲ್ಲ."

ಪಸಿಂಗ್ ಹೊರಗೆ ಹೋಗಿ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಹೇಳುವುದು ತುಸು ಉದ್ದವೇ ಆಯಿತು. ಲುದಿಂಗ್ ಬಾಗಿಲಲ್ಲಿ ನಿಂತು ನೋಡಿದಳು.

ದುಲೊ ಎದ್ದು ನಿಂತ. ನೀಲಿ ಅಂಗಿಯನ್ನು ತಲೆಯ ಮೇಲಿಂದ ಎಳೆದು ತೆಗೆದ. ಬನಿಯನ್ನಿನಲ್ಲಿ ಅವನ ಹೊಟ್ಟೆ ಮಗುವಿನ ಹೊಟ್ಟೆಯ ಹಾಗೆ ಕಂಡಿತು. ಅಂಗಿಯನ್ನು ಅದರ ಮಡಿಕೆಗಳಲ್ಲೇ ಮಡಿಸಿ ಮೇಜಿನ ಮೇಲಿಟ್ಟ.

"ಬೀಗ್ರೇ, ಇದು ನನ್ ಅಂಗಿ ಅಲ್ಲ. ನಾನು ಕಿದ್ಲಾತ್ ಕಡೆಯವನು."

ಸೆನಿಯೊಂಗ್ ಟಿವಿಯ ದನಿ ಅಡಗಿಸಿದ. ಅವನು ದುಲೊನನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ.

"ನಿಂಗೆ ಗೊತ್ತಿತ್ತಾ?"

"ಅನುಮಾನ ಇತ್ತು. ಈಗ ಗೊತ್ತಾಯ್ತು. ಹೇಳಿ ಅಂದಿದ್ದು ನಾನೇ."

ಅವನು ಹುಡುಗನ ಕಡೆ ತಿರುಗಿದ. "ನೀನೂ ಅವ್ರ ಕಡೆನಾ?"

"ಇಲ್ಲ ಸೆನಿಯೊಂಗ್ ಮಾವ," ಎಂದ ಆರಿಯೆಲ್. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನಿಸಿರಬೇಕು. "ನಾನು ಯಾವ ಕಡೆನೂ ಅಲ್ಲ. ನಂಗೆ ವಾಲಿಬಾಲ್ ಇಷ್ಟ."

ಇದನ್ನು ಕೇಳಿ ಸೆನಿಯೊಂಗ್ ಕುರ್ಚಿಯ ಕೈ ಹಿಡಿದುಕೊಂಡ. ಶತ್ರುವಾದರೆ ಅರ್ಥವಾಗುತ್ತದೆ. ಇದು ಅರ್ಥವಾಗಲಿಲ್ಲ.

"ನೀರು ಇಳ್ದಿದೆ," ಎಂದ ಕೊನೆಗೆ. "ಹೊರಡೋಕೆ ಇದೇ ಒಳ್ಳೆ ಹೊತ್ತು."

ರಿಸಲಿನ್ ಬಾಯಿಗೆ ಕೈ ಒತ್ತಿಕೊಂಡಳು. ಲುದಿಂಗ್ ಮಗಳ ಪಕ್ಕಕ್ಕೆ ಹೋಗಿ ನಿಂತಳು. ತಾನೇ ಹೇಳಿಸಿದ್ದು, ತಾನೇ ಉಣ್ಣಬೇಕು.

"ಹೋಗ್ತೀವಿ," ಎಂದ ದುಲೊ. "ನಿಮ್ ಮನೆಗೆ ಸುಳ್ಳು ಹೊತ್ಕೊಂಡು ಬಂದಿದ್ದು ತಪ್ಪು. ಒಂದು ಮಾತು ಹೇಳಿ ಹೋಗ್ತೀನಿ. ನಿಮಗೆ ಹುಚ್ಚು ಅಂತಾರಲ್ಲ ಈ ಜನ. ನಿಮಗೆ ಹುಚ್ಚಿಲ್ಲ."

ಸೆನಿಯೊಂಗ್ ತಲೆ ಎತ್ತಿದ.

"ಬುಧವಾರಾನೇ ನಮ್ ಕಿದ್ಲಾತ್ ಅಭಿಮಾನಿಗಳ ಕೂಟದಲ್ಲಿ ಬ್ಯಾನರ್ ಹೊಲಿಯೋಕೆ ಕೊಟ್ಟಿದ್ರು. ನಿಕಾನೊರ್ ಹೆಸರಿನ ಬ್ಯಾನರ್. ಹೊಲಿದಿದ್ದು ಇವಳೇ." ಅವನು ಹೆಂಡತಿಯ ಕಡೆ ಕೈ ತೋರಿಸಿದ.

ಸೆನಿಯೊಂಗ್ ನಿಧಾನವಾಗಿ ಪಸಿಂಗಳ ಕಡೆ ತಿರುಗಿದ.

"ಬುಧವಾರ? ಡ್ರಾಫ್ಟಿಗೆ ಮುಂಚೆ?"

"ಬುಧವಾರ," ಎಂದಳು ಪಸಿಂಗ್.

"ಏನಂತ ಬರ್ದಿತ್ತು?"

ಪಸಿಂಗ್ ಗಂಡನ ಮುಖ ನೋಡಿದಳು. ಕಣ್ಣು ಮಿಟುಕಿಸುವಷ್ಟೇ ಹೊತ್ತು. ಲುದಿಂಗ್ ನೋಡುತ್ತಿಲ್ಲದಿದ್ದರೆ ಅದು ಯಾರಿಗೂ ಕಾಣುತ್ತಿರಲಿಲ್ಲ.

"'ನಿಕಾನೊರ್, ಮನೆಗೆ ಸ್ವಾಗತ' ಅಂತ."

"ಯಾವ ಬಣ್ಣ?"

"ಹಳದಿ ಬಟ್ಟೆ. ಕಪ್ಪು ಅಕ್ಷರ."

"ಎಷ್ಟುದ್ದ?"

"ನಮ್ ನಡುಮನೇಲಿ ಹಿಡಿಸ್ಲಿಲ್ಲ. ಅರ್ಧ ಅಂಗಳದಲ್ಲಿ ಇಟ್ಕೊಂಡು ಹೊಲ್ದೆ."

ಸೆನಿಯೊಂಗ್ ಕೂತುಕೊಂಡ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ದುಃಖವೂ ಇರಲಿಲ್ಲ. ಹಲವು ವರ್ಷ ಹೊಟ್ಟೆನೋವು ಎಂದರೂ ಯಾರೂ ನಂಬದವನಿಗೆ ಕೊನೆಗೊಬ್ಬ ವೈದ್ಯ ಗಡ್ಡೆ ತೋರಿಸಿದಾಗ ಆಗುವ ನೆಮ್ಮದಿ ಅದು. ಲುದಿಂಗ್ ಅವನನ್ನೇ ನೋಡಿದಳು. ಇಷ್ಟು ದೊಡ್ಡ ಭಾರವನ್ನು ಇವನು ಒಬ್ಬನೇ ಹೊತ್ತಿದ್ದನೇ? ಒಂದು ದಿನವಾದರೂ ತಾನು "ಇದ್ದರೂ ಇರಬಹುದು" ಎಂದಿರಲಿಲ್ಲವಲ್ಲ.

ಅವನು ಎದ್ದು ಕಿಟಕಿಯನ್ನು ಪೂರ್ತಿ ತೆರೆದ.

"ಬೆಬಾಂಗ್, ನಿನ್ ಗಂಡನ್ನ ಕರ್ಕೊಂಡು ಬಾ. ಎಲ್ರೂ ಬನ್ನಿ. ನನ್ ತಲೇಲಿರೋ ಹುಳ ನಿಮ್ಗೆ ತೋರಿಸ್ತೀನಿ." ಆಮೇಲೆ ದುಲೊನಿಗೆ, "ಬೀಗ್ರೇ, ಈಗ ನಂಗೆ ಹೇಳಿದ್ದನ್ನ ಇವ್ರಿಗೆ ಒಂದ್ಸಲ ಹೇಳಿ. ಜೋರಾಗಿ. ಆಮೇಲೆ ಊಟ."

ಬೀಗ್ರೇ ಎಂದ. ಲುದಿಂಗ್ ಬಾಗಿಲ ಚೌಕಟ್ಟಿಗೆ ಒರಗಿದಳು.

ಬನಿಯನ್ನಿನಲ್ಲಿದ್ದ ದುಲೊ ಕಿಟಕಿಯಲ್ಲಿ ನಿಂತು ಹೇಳಿದ. ಬುಧವಾರ, ಬ್ಯಾನರು, ಹಳದಿ ಬಟ್ಟೆ, ಕಪ್ಪು ಅಕ್ಷರ. ತಾನು ಕಿದ್ಲಾತ್ ಕಡೆಯವನೆಂದೂ ಹೇಳಬೇಕಾಯಿತು. ಕೆಸರು ನೀರಿನಲ್ಲಿ ನಿಂತಿದ್ದ ಓಣಿಯವರು ಸುಮ್ಮನೆ ಕೇಳಲಿಲ್ಲ.

"ಕಳ್ಳ," ಎಂದರು ಯಾರೋ.

"ಬ್ಯಾಟರಿ ನಾಯಿ," ಎಂದರು ಇನ್ನೊಬ್ಬರು.

"ಬಾಯಿ ಮುಚ್ಕೊಳಿ," ಎಂದ ಸೆನಿಯೊಂಗ್. "ಇವ್ರು ಸಾಕ್ಷಿ. ನಮ್ ಬೀಗ್ರು." ಬೆಬಾಂಗಳ ಗಂಡ ಕೆಳಗೆ ನೀರನ್ನು ನೋಡುತ್ತಿದ್ದ. ಸೆನಿಯೊಂಗ್ ಅವನನ್ನು ಬೇಕಾದಷ್ಟು ಹೊತ್ತು ನೋಡಿ, ಕಿಟಕಿ ಮುಚ್ಚಿದ.

ಮದುವೆಗೆ ಡಿಸೆಂಬರಿನ ಒಂದು ಶನಿವಾರ ಗೊತ್ತಾಯಿತು. ಈ ಸಲ ದಿನ ನೋಡಿದವರು ಇಬ್ಬರು ಗಂಡಸರು. ಯಾವ ತಂಡದ ಯಾವ ಆಟವೂ ಇಲ್ಲದ ದಿನವನ್ನೇ ಹುಡುಕಿ ತೆಗೆದರು. ಆರಿಯೆಲ್ ಮದುವೆಗೆ ಮುಂಚೆ ಪರೋಲಾದ ಮೂರು ಆಟವನ್ನಾದರೂ ಕೂತು ನೋಡಬೇಕು ಎಂದಾಯಿತು. ಅವನು ತಲೆಯಾಡಿಸಿದ.

ಅಡುಗೆಮನೆಯಲ್ಲಿ ಲುದಿಂಗ್ ಮಾಂಸದ ಪಾತ್ರೆಯ ಮುಚ್ಚಳ ತೆಗೆದಳು. ಪಸಿಂಗ್ ಪಕ್ಕದಲ್ಲಿ ನಿಂತು ಶ್ಯಾವಿಗೆಯ ಮೇಲೆ ಬೇಯಿಸಿದ ಮೊಟ್ಟೆಯ ಹೋಳುಗಳನ್ನು ಜೋಡಿಸುತ್ತಿದ್ದಳು. ಹೊಲಿಗೆಯವಳ ಬೆರಳೇನೋ ಹೌದು, ಒಂದೊಂದು ಹೋಳೂ ಒಂದೇ ಅಂತರದಲ್ಲಿ ಕೂರುತ್ತಿತ್ತು. ಆದರೆ ಬುಧವಾರ ಎಂದರೆ ಊರಿನ ಚರ್ಚಿನಲ್ಲಿ ಮಾತೆಯ ನೊವೇನಾ ಪ್ರಾರ್ಥನೆ. ಹೋದ ಬುಧವಾರ ಮಧ್ಯಾಹ್ನದಿಂದ ಸಂಜೆಯವರೆಗೆ ಪಸಿಂಗ್ ಅಲ್ಲೇ ಇದ್ದಳು. ತಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಇವತ್ತಿನ ಅಡುಗೆಯ ಮಾತಾಡಿದ್ದರು. ಬ್ಯಾನರನ್ನು ಉಳಿದ ಹೊತ್ತಿನಲ್ಲಿ ಹೊಲಿದಿರಬಹುದು. ಬೆಳಿಗ್ಗೆ ಹೊಲಿದಿರಬಹುದು. ಗಂಡನ ಕಿವಿಯಲ್ಲಿ ಅಷ್ಟುದ್ದ ಹೇಳಿದ್ದು ಏನನ್ನೋ?

"ಪಸಿಂಗಕ್ಕ," ಎಂದಳು ಲುದಿಂಗ್.

"ಏನು ಬೀಗಿತ್ತಿ?"

ಪಸಿಂಗ್ ತಲೆ ಎತ್ತಲಿಲ್ಲ. ಮೊಟ್ಟೆಯ ಹೋಳು ಹಿಡಿದ ಕೈ ಮಾತ್ರ ಗಾಳಿಯಲ್ಲೇ ನಿಂತಿತು. ಹೊರಗಿನಿಂದ ಸೆನಿಯೊಂಗನ ನಗು ಕೇಳಿಬಂತು. ಆ ನಗುವನ್ನು ಲುದಿಂಗ್ ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಅದರ ಹಿಂದೆಯೇ ದುಲೊನ ದನಿ, "ಟೋಪಿ ವಿಷ್ಯ ಭಾಳ ಸರಿಯಾಗಿ ಹಿಡಿ‍ದ್ರಿ," ಎನ್ನುತ್ತಿತ್ತು.

ಕೇಳಿದರೆ ಗೊತ್ತಾಗುತ್ತದೆ. ಗೊತ್ತಾದರೆ ಹೇಳಬೇಕಾಗುತ್ತದೆ, ಅದೂ ಅನ್ನ ಬಡಿಸುವ ಮೊದಲೇ.

"ಏನಿಲ್ಲ," ಎಂದಳು ಲುದಿಂಗ್. "ರಿಸಲಿನ್, ತಟ್ಟೆ ಹಿಡಿ ಮಗಳೇ." ಅನ್ನದ ಸೌಟನ್ನು ತುಂಬಿ, ಮೊದಲು ಬೀಗರ ತಟ್ಟೆಗೆ ಬಡಿಸಿದಳು.